ಹಳ್ಳ ನಡೆದು ನೋಡಿ ನಕ್ಷೆ ಬರಿ

ತಂಗೀ, ನಿನಗೆ ಸರ್ವೇ ಕೆಲಸ ಸಿಕ್ಕಿತೆಂದು ನಿನ್ನಪ್ಪ ಫೋನ್ ಮಾಡಿ ಹೇಳಿದಾಗ ಬಹಳ ಸಂತೋಷವಾಯಿತು. ನಮ್ಮ ಇಂಡಿ ತಾಲೂಕಿನ ಹುಡುಗಿಯರು ಪುಣೆಗೆ ಬಂದು ಕಂಪ್ಯೂಟರ್ ಕೆಲಸಕ್ಕೆ ಸೇರುವುದು ಈಗ ಹೊಸದಲ್ಲ. ಗುಡ್ಡ ಹತ್ತಿ ಸರ್ವೇ ಮಾಡುವವರು ಮಾತ್ರ ಇನ್ನೂ ಅಪರೂಪ. ಕಾತ್ರಜ್ ಘಾಟಿನಿಂದ ದಿವೆ ಘಾಟ್ ದಾಟಿ ಸಾಸವಡ, ಜೇಜುರಿಯವರೆಗೆ ಕುರಿ ಮೇಯುವ ಗುಡ್ಡಗಳ ಕಂಟೂರ್ ನಕ್ಷೆ ಮಾಡಬೇಕು, ಅಲ್ಲಿನ ಹಳ್ಳಗಳನ್ನೂ ಗುರುತಿಸಬೇಕು, ಇದು ನಿಮ್ಮ ತಂಡದ ಪಾಲಿಗೆ ಬಂದ ಕೆಲಸ ಅಂದ ನಿನ್ನಪ್ಪ. ನಾನು ಈ ಕಸುಬಿನಲ್ಲೇ ತಲೆ ಹಣ್ಣು ಮಾಡಿಕೊಂಡವನು. ನೀನು ಕೇಳದಿದ್ದರೂ ಹೇಳುವ ಸಲುಗೆ ನನಗಿದೆ. ಬೇಸಿಗೆಯಲ್ಲಿ ಒಣಗಿ ಬಿದ್ದ ಹಳ್ಳವನ್ನು ನಕ್ಷೆಯಿಂದ ಬಿಡಬೇಡ. ಅದರೊಳಗೆ ಇಳಿದು, ಬುಡದಿಂದ ತುದಿಯವರೆಗೆ ನಡೆದು ನೋಡು. ಗೆರೆ ಎಳೆಯುವುದು ಆಮೇಲೆ.

ಆ ಗುಡ್ಡಸಾಲಿನ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಮೊದಲು ಮನಸ್ಸಿನಲ್ಲಿ ಕೂರಲಿ. ಸಿಂಹಗಡದಿಂದ ಕಾತ್ರಜ್, ದಿವೆ ಘಾಟ್ ಹಾದು ಪೂರ್ವಕ್ಕೆ ಭುಲೇಶ್ವರದವರೆಗೆ ಚಾಚಿಕೊಂಡ ಏಣು ಅದು. ಉತ್ತರದ ಮೈಗೆ ಬಿದ್ದ ಮಳೆ ಓಢೆಗಳಲ್ಲಿ, ಅಂದರೆ ಹಳ್ಳಗಳಲ್ಲಿ, ಇಳಿದು ಮುಠಾ, ಮುಳಾ-ಮುಠಾ ಸೇರುತ್ತದೆ. ದಕ್ಷಿಣದ ಮೈಯ ನೀರಿನಲ್ಲಿ ಹೆಚ್ಚಿನದು ಕರ್ಹಾ ನದಿ ಹಿಡಿದು ಸಾಸವಡ, ಜೇಜುರಿ, ಬಾರಾಮತಿ ದಾಟಿ ನೀರಾ ನದಿಗೆ ಹೋಗುತ್ತದೆ. ಕಡೆಗೆ ಎರಡೂ ಭೀಮೆಗೇ. ಭೀಮೆ ಉಜನಿ ಅಣೆಕಟ್ಟು, ಪಂಢರಪುರ ದಾಟಿ ನಮ್ಮ ಇಂಡಿ, ಅಫಜಲಪುರದ ದಂಡೆ ಸವರಿ ರಾಯಚೂರು ಜಿಲ್ಲೆಯ ಕಾಡ್ಲೂರಿನ ಬಳಿ ಕೃಷ್ಣೆಯಲ್ಲಿ ಬೆರೆಯುತ್ತಾಳೆ. 2020ರ ಅಕ್ಟೋಬರಿನಲ್ಲಿ ಭೀಮೆ ವಿಜಯಪುರ, ಕಲಬುರಗಿ ಜಿಲ್ಲೆಗಳ ಊರುಗಳಿಗೆ ನುಗ್ಗಿದ್ದು ನಿನಗೆ ನೆನಪಿದೆ, ನಿಮ್ಮ ಕಡೆಯವರೇ ಅನುಭವಿಸಿದ್ದಾರೆ. ನೀನು ಅಳೆಯುವ ಗುಡ್ಡದ ಇಳಿಜಾರು ನಮ್ಮೂರಿನ ನದಿಯ ಮೇಲ್ದಂಡೆ. ಈ ಕೆಲಸವನ್ನು ಪರವೂರಿನ ಕೆಲಸ ಎಂದುಕೊಂಡು ಮಾಡಬೇಡ.

2019ರ ಸೆಪ್ಟೆಂಬರ್ 25ರ ರಾತ್ರಿ ಇದೇ ಏಣಿನ ಮೇಲೆ ಮೋಡ ಸುರಿಯಿತು. ಉತ್ತರದಲ್ಲಿ ಆಂಬಿಲ್ ಓಢಾ ಉಕ್ಕಿ ಕಾತ್ರಜ್, ಸಹಕಾರನಗರ, ಅರಣ್ಯೇಶ್ವರ, ದಾಂಡೇಕರ್ ಪೂಲ್ ಕಡೆಯ ಮನೆಗಳಿಗೆ ನುಗ್ಗಿತು. ಸೊಸೈಟಿಗಳ ಕಾಂಪೌಂಡ್ ಗೋಡೆಗಳು ಬಿದ್ದವು, ವಾಹನಗಳು ತೇಲಿದವು, ಜನ ಸತ್ತರು. ದಕ್ಷಿಣದಲ್ಲಿ ಕರ್ಹಾ ತುಂಬಿ ಬಂದು ಬಾರಾಮತಿಯ ದಂಡೆಯ ಜನರನ್ನು ರಾತ್ರೋರಾತ್ರಿ ಎಬ್ಬಿಸಿ ಬೇರೆಡೆಗೆ ಸಾಗಿಸಬೇಕಾಯಿತು. ಮರುದಿನ ಊರಲ್ಲೆಲ್ಲ ಒಂದೇ ಪ್ರಶ್ನೆ, ಇಷ್ಟು ನೀರು ಎಲ್ಲಿಂದ ಬಂತು ಎಂದು. ಗುಡ್ಡದ ಬುಡದ ಕುರಿಯವನನ್ನು ಕೇಳಿದ್ದರೆ ಬೆರಳು ತೋರಿಸಿ ಹೇಳುತ್ತಿದ್ದ.

ಆಂಬಿಲ್ ಓಢೆಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಒಂದು ಹಳ್ಳಕ್ಕೆ ಏನೆಲ್ಲ ಆಗಬಹುದೋ ಅದೆಲ್ಲ ಇದಕ್ಕೆ ಆಗಿದೆ. ಕಾತ್ರಜಿನ ಗುಡ್ಡಗಳಲ್ಲಿ ಹುಟ್ಟಿ ಅಲ್ಲಿನ ಕೆರೆಗಳನ್ನು ತುಂಬಿ, ಧನಕವಡಿ, ಸಹಕಾರನಗರ ಹಾದು, ಪರ್ವತಿಯ ಪಕ್ಕದಿಂದ ಬಂದು ಮುಠಾ ಸೇರುವ ಹಳ್ಳ ಅದು. ಹಿಂದೆ ಇದು ಪೇಠೆಗಳ ನಡುವೆಯೇ ಹರಿಯುತ್ತಿತ್ತು. ಪೇಶ್ವೆ ನಾನಾಸಾಹೇಬರ ಕಾಲದಲ್ಲಿ ಊರಿನ ರಕ್ಷಣೆಗಾಗಿ ಪಾತ್ರವನ್ನೇ ಬೇರೆ ಕಡೆ ತಿರುಗಿಸಿದರು. ಕಾತ್ರಜಿನಲ್ಲಿ ನೀರು ನಿಲ್ಲಿಸಿ, ನೆಲದೊಳಗಿನ ಕಾಲುವೆಯಲ್ಲಿ ಶನಿವಾರವಾಡೆಯವರೆಗೆ ತಂದದ್ದೂ ಅದೇ ಕಾಲದಲ್ಲಿ, 1750ರ ಆಸುಪಾಸು. ಪರ್ವತಿಯ ಬುಡದಲ್ಲಿ ಕೆರೆ ಕಟ್ಟಿದರು, ಅದರ ನಡುಗಡ್ಡೆಯಲ್ಲಿ ಮುಂದೆ ಗಣಪತಿಯನ್ನು ಕೂರಿಸಿದರು. ಆ ಕೆರೆ ಮುಚ್ಚಿಹೋಗಿ ಈಗ ಅಲ್ಲಿ ಸಾರಸಬಾಗ್ ಇದೆ. ಜನ ಇಂದಿಗೂ ಆ ದೇವರನ್ನು ಕೆರೆಯೊಳಗಿನ ಗಣಪತಿ ಎಂದೇ ಕರೆಯುತ್ತಾರೆ. ನಾನಾಸಾಹೇಬರ ಕಾಲದವರಿಗೆ ಕಂಟೂರ್ ಹಾಳೆ ಇರಲಿಲ್ಲ, ಡ್ರೋನ್ ಇರಲಿಲ್ಲ. ಆದರೆ ನೀರು ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಮಳೆಗಾಲದಲ್ಲಿ ನಿಂತು ನೋಡಿದ್ದರು. ಗುಡ್ಡದಿಂದ ವಾಡೆಯವರೆಗೆ ಬರೀ ಇಳಿಜಾರಿನ ಬಲದಲ್ಲಿ ನೀರು ತಂದದ್ದು ಬಾಯಿಮಾತಿನ ಕೆಲಸವಲ್ಲ. ಅಷ್ಟು ಚೆನ್ನಾಗಿ ತಿಳಿದಿದ್ದ ಹಳ್ಳದ ಪಾತ್ರ ನಮ್ಮ ಕಾಲದಲ್ಲಿ ಕಿರಿದಾಗುತ್ತ ಬಂತು. ಎರಡೂ ಬದಿಗೆ ಗೋಡೆ ಬಂದವು, ಮೇಲೆ ಮೋರಿ ಬಂತು, ದಂಡೆಗೆ ಮನೆಗಳು ಬಂದವು. ಪಾತ್ರ ಒಣಗಿದ್ದಾಗ ನೋಡಿದವರು ನಕ್ಷೆ ಮಾಡಿದರು, ಆ ನಕ್ಷೆ ನೋಡಿದವರು ಪರವಾನಗಿ ಕೊಟ್ಟರು.

ಈಗ ಹಾಳೆಗೆ ಬರೋಣ. ನಮ್ಮ ದೇಶದಲ್ಲಿ ಸ್ಥಳಾಕೃತಿ ನಕ್ಷೆ, ಅಂದರೆ ಟೋಪೋಶೀಟ್, ಮಾಡುವುದು ಸರ್ವೇ ಆಫ್ ಇಂಡಿಯಾ, ಹುಟ್ಟಿದ್ದು 1767ರಲ್ಲಿ. ಮಹಾರಾಷ್ಟ್ರ ಮತ್ತು ಗೋವಾದ ಕಚೇರಿ ಪುಣೆಯಲ್ಲೇ, ಆಳಂದಿ ರಸ್ತೆಯಲ್ಲಿದೆ. ಪುಣೆ ಸುತ್ತಲಿನ ಹಾಳೆಗಳು 47 ಎಫ್ ಸರಣಿಯವು. 1:50,000 ಪ್ರಮಾಣದ ಒಂದೊಂದು ಹಾಳೆಯೂ ಅಕ್ಷಾಂಶ ರೇಖಾಂಶ ಎರಡರಲ್ಲೂ 15 ಮಿನಿಟಿನ ಚೌಕ. 18 ಡಿಗ್ರಿ 30 ಮಿನಿಟಿನ ಗೆರೆ ಊರಿನ ಮೈಮೇಲೇ ಹಾದುಹೋಗುವುದರಿಂದ ಶನಿವಾರವಾಡೆ 47 ಎಫ್/14ರಲ್ಲಿ ಬಿದ್ದರೆ, ಕಾತ್ರಜ್ 47 ಎಫ್/15ರಲ್ಲಿ ಬೀಳುತ್ತದೆ. ಆಂಬಿಲ್ ಓಢೆಯನ್ನು ಹುಟ್ಟಿನಿಂದ ಕೊನೆಯವರೆಗೆ ನೋಡಬೇಕಾದರೆ ಎರಡು ಹಾಳೆ ಜೋಡಿಸಿಕೊಳ್ಳಬೇಕು. ಒಂದೇ ಹಾಳೆ ಹಿಡಿದು ಕೂತವರಿಗೆ ಹಳ್ಳ ಎಲ್ಲಿಂದಲೋ ಬಂದಂತೆ ಕಾಣುತ್ತದೆ. ನೀನು ಯಾವ ಹಳ್ಳವನ್ನೇ ಮುಟ್ಟು, ಅಕ್ಕಪಕ್ಕದ ಹಾಳೆ ತರಿಸಿಕೊಂಡು ಏಣಿನವರೆಗೆ ಹತ್ತು.

ಈ ಹಾಳೆಗಳಲ್ಲಿ ಬಣ್ಣಕ್ಕೆ ಅರ್ಥವಿದೆ. ನೀರಿರುವ ಹೊಳೆ, ಕೆರೆ ನೀಲಿ. ಕಂಟೂರ್ ಕಂದು. ಸಾಗುವಳಿ ಹೊಲ ಹಳದಿ, ಕಾಡು ಹಸಿರು, ಊರು ಕೆಂಪು. ಒಣಹಳ್ಳಗಳನ್ನು ಮಾತ್ರ ಕಪ್ಪು ಗೆರೆಯಲ್ಲಿ ತೋರಿಸುತ್ತಾರೆ, ಸಾಗುವಳಿಯಿಲ್ಲದ ನೆಲವನ್ನು ಬಿಳಿ ಬಿಟ್ಟಿರುತ್ತಾರೆ. ಪುರಂದರ ತಾಲೂಕಿನ ಹಾಳೆ ಬಿಡಿಸಿ ನೋಡು, ಗುಡ್ಡದ ಮೈಯೆಲ್ಲ ಬಿಳಿ, ಅದರ ಮೇಲೆ ಕಪ್ಪು ಗೆರೆಗಳ ಜಾಲ. ಹಾಳೆ ಮಾಡಿದವರು ಅದನ್ನು ಸರಿಯಾಗಿಯೇ ಗುರುತಿಸಿದ್ದಾರೆ. ಹಳೆಯ ಸರ್ವೇ ತಂಡಗಳು ಮಳೆ ನಿಂತ ಮೇಲೆ ಹೊರಡುತ್ತಿದ್ದವು, ಮಳೆಗಾಲಕ್ಕೆ ಕಚೇರಿಗೆ ಮರಳಿ ಹಾಳೆ ಬರೆಯುತ್ತಿದ್ದವು. ಹಾಗಾಗಿ ಅವರ ಕಣ್ಣಿಗೆ ಹಳ್ಳ ಕಂಡದ್ದು ಒಣಗಿದ್ದಾಗ. ತಪ್ಪು ಶುರುವಾಗುವುದು ಆಮೇಲೆ, ಕಂಪ್ಯೂಟರಿಗೆ ಇಳಿಸುವಾಗ. ನೀಲಿ ಗೆರೆಗಳನ್ನೆಲ್ಲ ನದಿಯ ಪದರಕ್ಕೆ ಹಾಕು ಎಂದು ಯಾರೋ ಹೇಳುತ್ತಾರೆ. ಕಪ್ಪು ಗೆರೆ ಅಲ್ಲೇ ಉಳಿಯುತ್ತದೆ, ಇಲ್ಲವೇ ಕಾಲುದಾರಿಯೆಂದು ಬೇರೆ ಪದರಕ್ಕೆ ಹೋಗುತ್ತದೆ. ಬಿಳಿ ಜಾಗ ಖಾಲಿ ಜಾಗವೆಂದು ದಾಖಲಾಗುತ್ತದೆ. ನಿನ್ನ ತಂಡದಲ್ಲಿ ಅಂಥ ಮಾತು ಬಂದರೆ ಎದ್ದು ನಿಂತು ಬೇಡ ಎನ್ನು. ಹೊಸಬಳೆಂದು ಸುಮ್ಮನಿರಬೇಡ.

ಕಂಟೂರ್ ಎಂದರೆ ಕೆರೆಯ ನೀರು ಇಳಿಯುತ್ತ ಹೋದಂತೆ ದಂಡೆಯ ಸುತ್ತ ಉಳಿಯುವ ಗೆರೆಗಳ ಹಾಗೆ, ಒಂದೊಂದು ಗೆರೆಯೂ ಒಂದೇ ಎತ್ತರದ್ದು. ನಿನಗೆ ಗೊತ್ತಿರುವುದೇ, ಈ ಬರಹ ಓದುವ ಉಳಿದ ಹುಡುಗರಿಗಾಗಿ ಹೇಳಿದೆ. 1:50,000ದ ಹಾಳೆಯಲ್ಲಿ ಗೆರೆಯಿಂದ ಗೆರೆಗೆ 20 ಮೀಟರ್ ಏರು. ಹಾಳೆಯ ಮೇಲಿನ 1 ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ಎರಡು ಗೆರೆಗಳ ನಡುವೆ 2 ಮಿಲಿಮೀಟರಿಗಿಂತ ಕಡಿಮೆ ಅಂತರವಿದ್ದರೆ 100 ಮೀಟರ್ ಒಳಗೇ 20 ಮೀಟರ್ ಏರಿದಂತಾಯಿತು, ಅಂದರೆ 1:5ಕ್ಕಿಂತ ಕಡಿದಾದ ಇಳಿಜಾರು. ಮಹಾರಾಷ್ಟ್ರದ ಕಟ್ಟಡ ನಿಯಮ 1:5ಕ್ಕಿಂತ ಕಡಿದಾದ ಗುಡ್ಡದ ಮೈಯಲ್ಲಿ ಕಟ್ಟಬಾರದು, ಕಡಿದು ಸಮ ಮಾಡಬಾರದು ಎನ್ನುತ್ತದೆ. ಸ್ಕೇಲ್ ಇಟ್ಟರೆ ಕಾಣುವ ಸಂಗತಿ ಇದು. ನೀನು ಗೆರೆಯನ್ನು ಚೂರು ಆಚೆ ಸರಿಸಿದರೆ ಒಂದು ಗುಡ್ಡದ ಮೈ ನಿಯಮದಿಂದ ತಪ್ಪಿಸಿಕೊಳ್ಳುತ್ತದೆ. ಸರಿಸಿ ಕೊಡಿ ಎಂದು ಕೇಳುವವರೂ ಬರುತ್ತಾರೆ, ನಯವಾಗಿಯೇ ಕೇಳುತ್ತಾರೆ. 2014ರ ಜುಲೈ 30ರಂದು ಇದೇ ಪುಣೆ ಜಿಲ್ಲೆಯ ಅಂಬೇಗಾಂವ್ ತಾಲೂಕಿನ ಮಾಳೀಣ ಎಂಬ ಹಳ್ಳಿಯ ಮೇಲೆ ಗುಡ್ಡ ಕುಸಿದು ಸುಮಾರು 150 ಜನ ಮಣ್ಣಾದರು. ಇಳಿಜಾರಿನ ಲೆಕ್ಕದಲ್ಲಿ ಯಾರ ಮಾತಿಗೂ ಮಣಿಯಬೇಡ.

ಇಲ್ಲಿನ ಗುಡ್ಡಗಳು ಲಾವಾದ ಪದರ ಪದರಗಳಿಂದ ಆದವು. ಆರೂವರೆ ಕೋಟಿ ವರ್ಷಗಳಿಗೂ ಹಿಂದೆ ಹರಿದ ಲಾವಾ ತಣ್ಣಗಾಗಿ ಒಂದರ ಮೇಲೊಂದು ಕೂತಿದೆ. ಅದಕ್ಕೇ ಗುಡ್ಡದ ನೆತ್ತಿ ಚಪ್ಪಟೆ, ಮೈಯಲ್ಲಿ ಮೆಟ್ಟಿಲು. ಕಡಿದಾದ ಕಲ್ಲಿನ ಪಟ್ಟಿ, ಅದರ ಕೆಳಗೆ ಅಗಲವಾದ ಮಾಳ, ಮತ್ತೆ ಕಲ್ಲು, ಮತ್ತೆ ಮಾಳ. ಹಾಳೆಯ ಮೇಲೆ ಗೆರೆಗಳು ಒಂದೆಡೆ ಒತ್ತಾಗಿ, ಮುಂದೆ ಬಿಡಿಬಿಡಿಯಾಗಿ, ಮತ್ತೆ ಒತ್ತಾಗಿ ಕಾಣುತ್ತವೆ. ಎರಡು ಪದರಗಳು ಕೂಡುವ ಕಡೆ ಎಷ್ಟೋ ಸಲ ಕೆಂಪು ಮಣ್ಣಿನ ತೆಳು ಪಟ್ಟಿ ಕಾಣುತ್ತದೆ, ನೀರು ಒಸರುವುದೂ ಹೆಚ್ಚಾಗಿ ಅಂಥ ಕೂಡುಗೆರೆಯಲ್ಲೇ. ಕುರಿಗಳು ಬೇಸಿಗೆಯಲ್ಲಿ ನೀರು ಕುಡಿಯುವ ಜಾಗ ಹುಡುಕಿಕೊಂಡು ಹೋದರೆ ಆ ಪಟ್ಟಿ ಸಿಗುತ್ತದೆ. 20 ಮೀಟರ್ ಅಂತರದ ಕಂಟೂರಿನಲ್ಲಿ ಸಣ್ಣ ಮೆಟ್ಟಿಲು ಮಾಯವಾಗುತ್ತದೆ. ಹಾಗಾಗಿ ಊಟೆ ಕಂಡಲ್ಲೆಲ್ಲ ನಿಂತು ಎತ್ತರ ತೆಗೆದುಕೋ, ಚುಕ್ಕಿ ಇಡು, ತಿಂಗಳು ಬರಿ. ಮೇ ತಿಂಗಳಲ್ಲಿ ನೀರಿದ್ದ ಊಟೆಗೂ ನವೆಂಬರಿನಲ್ಲಿ ಮಾತ್ರ ಇರುವ ಊಟೆಗೂ ಬಹಳ ಅಂತರವಿದೆ.

ಇನ್ನೊಂದು ನಕ್ಷೆಯ ವಿಷಯ ಹೇಳಬೇಕು, ಅದು ತಲಾಠಿಯ ಕೈಯಲ್ಲಿರುವ ಗಾವ್ ನಕ್ಷೆ. ಹೊಲಕ್ಕೆ ಸರ್ವೇ ನಂಬರು ಕೊಟ್ಟು ಕಂದಾಯ ಕಟ್ಟುವ ಮುಂಬಯಿ ಪ್ರಾಂತದ ಪದ್ಧತಿ ಬೇರೂರಿದ್ದು ಇದೇ ಪುಣೆ ಜಿಲ್ಲೆಯ ಇಂದಾಪುರದಲ್ಲಿ, 1835-36ರ ಸುಮಾರಿಗೆ, ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳ ಕೈಯಲ್ಲಿ. ಮುಂದೆ ಅದೇ ಪದ್ಧತಿ ಧಾರವಾಡ, ಬೆಳಗಾವಿ, ವಿಜಯಪುರಕ್ಕೂ ಬಂತು. ನಿಮ್ಮ ಹೊಲದ ಪಹಣಿಯಲ್ಲಿರುವ ಸರ್ವೇ ನಂಬರಿನ ಬೇರು ಇಂದಾಪುರದಲ್ಲಿದೆ. ಕಂದಾಯಕ್ಕಾಗಿ ಮಾಡಿದ ನಕ್ಷೆಯಾದ್ದರಿಂದ ಅದರಲ್ಲಿ ಹೊಲದ ಗಡಿ ಉಂಟು, ಎತ್ತರವಿಲ್ಲ. ಟೋಪೋಶೀಟಿನಲ್ಲಿ ಎತ್ತರ ಉಂಟು, ಒಡೆಯನಿಲ್ಲ. ಹಳ್ಳ ಈ ಎರಡರ ನಡುವೆ ಬಿದ್ದುಹೋಗುತ್ತದೆ. ಗಾವ್ ನಕ್ಷೆಯಲ್ಲಿ ಸಣ್ಣ ಹಳ್ಳ ಎಷ್ಟೋ ಕಡೆ ಯಾರದೋ ಸರ್ವೇ ನಂಬರಿನೊಳಗಿನ ಖರಾಬು ಗುಂಟೆಗಳಾಗಿ ಮಾತ್ರ ಉಳಿದಿರುತ್ತದೆ. ಹೊಲ ಮಾರಿದಾಗ ಖರಾಬೂ ಜತೆಗೇ ಹೋದಂತೆ ಜನ ತಿಳಿಯುತ್ತಾರೆ, ಪ್ಲಾಟ್ ಹಾಕುವವನು ಅದನ್ನು ಮುಚ್ಚಿ ರಸ್ತೆ ಮಾಡುತ್ತಾನೆ. ಎರಡು ನಕ್ಷೆಗಳನ್ನೂ ಒಂದರ ಮೇಲೊಂದು ಕೂರಿಸಿ, ಯಾವ ಹಳ್ಳ ಯಾವ ಸರ್ವೇ ನಂಬರು ಹಾಯುತ್ತದೆ ಎಂದು ಪಟ್ಟಿ ಮಾಡಿಕೊಡು. ನಿನ್ನ ಕೆಲಸದ ವಿವರದಲ್ಲಿ ಇದು ಇಲ್ಲದಿರಬಹುದು. ಆದರೂ ಮಾಡು. ಮುಂದೆ ಕೋರ್ಟು ಕಚೇರಿಗೆ ಹೋಗುವ ಹಳ್ಳಿಯವನ ಕೈಗೆ ಇದಕ್ಕಿಂತ ಗಟ್ಟಿ ಕಾಗದ ಸಿಗುವುದಿಲ್ಲ.

ಕೂರಿಸುವಾಗ ಎಚ್ಚರ. ಹಳೆಯ ಟೋಪೋಶೀಟುಗಳು ಎವರೆಸ್ಟ್ ಸ್ಫೆರಾಯ್ಡಿನ ಲೆಕ್ಕದವು, ನಿನ್ನ ಜಿಪಿಎಸ್ ಡಬ್ಲ್ಯೂಜಿಎಸ್ 84ರದು. ಬದಲಾಯಿಸದೆ ಹಾಗೇ ಕೂರಿಸಿದರೆ ಇಲ್ಲಿ ನೂರು ಮೀಟರಿನ ಆಸುಪಾಸು ಸರಿದು ಕೂರುತ್ತದೆ. ಹಳ್ಳ ಪಕ್ಕದ ದಿಣ್ಣೆಯ ಮೇಲೆ ಹರಿಯುತ್ತಿರುತ್ತದೆ. ಎತ್ತರದ ಸಂಗತಿಯೂ ಹಾಗೆಯೇ. ಜಿಪಿಎಸ್ ತಾನಾಗಿ ಕೊಡುವ ಎತ್ತರ ಸಮುದ್ರಮಟ್ಟದಿಂದ ಅಳೆದದ್ದಲ್ಲ, ಪುಣೆಯ ಕಡೆ ಎರಡಕ್ಕೂ 50 ಮೀಟರಿಗೂ ಮೀರಿದ ವ್ಯತ್ಯಾಸ ಬರುತ್ತದೆ. ಬೆಂಚ್ ಮಾರ್ಕ್ ಹುಡುಕಿ ತಾಳೆ ನೋಡದೆ ಒಂದು ಅಂಕಿಯನ್ನೂ ಬರೆಯಬೇಡ.

ಉಪಗ್ರಹದ ಎತ್ತರದ ಮಾಹಿತಿ ಇದೆಯಲ್ಲ, ನಡೆಯುವುದೇಕೆ ಎಂದು ನಿನ್ನ ಓರಗೆಯವರು ಕೇಳುತ್ತಾರೆ. 2000ದ ಫೆಬ್ರವರಿಯಲ್ಲಿ ಅಮೆರಿಕದ ಶಟಲ್ ನೌಕೆ ರಾಡಾರಿನಿಂದ ಭೂಮಿಯ ಬಹುಭಾಗದ ಎತ್ತರ ತೆಗೆಯಿತು. 2005ರಲ್ಲಿ ನಮ್ಮ ಇಸ್ರೋ ಕಾರ್ಟೋಸ್ಯಾಟ್-1 ಹಾರಿಸಿತು, ಅದರಿಂದ ಮಾಡಿದ ಎತ್ತರದ ಮಾದರಿ ಭುವನ್ ತಾಣದಲ್ಲಿ ಸಿಗುತ್ತದೆ. ಎರಡೂ ಒಳ್ಳೆಯವೇ. ಆದರೆ ಸುಲಭವಾಗಿ ಸಿಗುವ ಮಾಹಿತಿಯಲ್ಲಿ ಒಂದೊಂದು ಚೌಕ 30 ಮೀಟರಿನದು. ಕುರಿಮಂದೆ ದಾಟುವ ಹಳ್ಳದ ಅಗಲ ಎಷ್ಟೋ ಕಡೆ ಮೂರು ನಾಲ್ಕು ಮೀಟರ್, ಅದು ಆ ಚೌಕದಲ್ಲಿ ಕರಗಿಹೋಗುತ್ತದೆ. ಮರದ ತಲೆ, ಕಟ್ಟಡದ ಛಾವಣಿ ಎಲ್ಲವೂ ನೆಲವೆಂದೇ ಎಣಿಕೆಯಾಗುತ್ತವೆ. ಇದಕ್ಕಿಂತ ದೊಡ್ಡ ಮೋಸ ಹೆದ್ದಾರಿಯಲ್ಲಿದೆ. ಸಾತಾರಾ ರಸ್ತೆಯಂಥ ಎತ್ತರದ ಏರಿ ಉಪಗ್ರಹಕ್ಕೆ ಅಣೆಕಟ್ಟಿನಂತೆ ಕಾಣುತ್ತದೆ, ಏಕೆಂದರೆ ಅದರ ಕೆಳಗಿನ ಮೋರಿ ಮೇಲಿನಿಂದ ಕಾಣುವುದಿಲ್ಲ. ಸಾಫ್ಟ್‌ವೇರ್ ಹಳ್ಳವನ್ನು ಏರಿಯ ಪಕ್ಕಕ್ಕೆ ಹೊರಳಿಸಿ ಇನ್ನೊಂದು ಹಳ್ಳಕ್ಕೆ ಸೇರಿಸಿಬಿಡುತ್ತದೆ. ತಗ್ಗು ತುಂಬಿಸುವ ಆಜ್ಞೆ ಕೊಟ್ಟರೆ ಕಲ್ಲುಗಣಿಯೂ ದನಕರು ನೀರು ಕುಡಿಯುವ ಕಟ್ಟೆಯೂ ಸಮನೆಲವಾಗುತ್ತವೆ.

ಆದ್ದರಿಂದ ಪ್ರತಿ ಮೋರಿಗೂ ಹೋಗು. ಬಾಯಿಯ ಅಗಲ, ಎತ್ತರ ಅಳೆ, ಎಷ್ಟು ಹೂಳು ತುಂಬಿದೆ ನೋಡು. ಅಲ್ಲಿಂದ ಮೇಲಕ್ಕೆ ನಡೆಯುವಾಗ ದಂಡೆಯ ಜಾಲಿಗಿಡಗಳ ಕೊಂಬೆ ನೋಡುತ್ತ ಹೋಗು. ಒಣ ಹುಲ್ಲು, ಜೋಳದ ದಂಟು, ಹರಿದ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿರುತ್ತವೆ. ಅದು ನೀರು ಏರಿದ ಗುರುತು. ತಳದಿಂದ ಅಲ್ಲಿಯವರೆಗೆ ಅಳತೆಗೋಲು (ಸ್ಟಾಫ್) ನಿಲ್ಲಿಸಿ ಅಳತೆ ತೆಗೆದುಕೋ. ದಂಡೆಯಿಂದ ದಂಡೆಗೆ ಟೇಪ್ ಹಿಡಿ. ಹಳ್ಳದ ತಳದಲ್ಲಿ ಯಾವ ಗಾತ್ರದ ಗುಂಡು ಬಿದ್ದಿದೆ ಎಂಬುದನ್ನೂ ಬರಿ, ತಲೆಗಿಂತ ದೊಡ್ಡ ಗುಂಡನ್ನು ಉರುಳಿಸಿ ತಂದ ನೀರು ಸಾಮಾನ್ಯದ್ದಲ್ಲ. ಮಹಾರಾಷ್ಟ್ರದ ಜಲಯುಕ್ತ ಶಿವಾರದಂಥ ನೀರು ಹಿಡಿದಿಡುವ ಯೋಜನೆಗಳಲ್ಲಿ ಎಷ್ಟೋ ಹಳ್ಳಗಳನ್ನು ಜೆಸಿಬಿಯಿಂದ ಅಗಲ ಮಾಡಿದ್ದಾರೆ, ಆಳ ಮಾಡಿದ್ದಾರೆ. ಅಂಥಲ್ಲಿ ಹಳೆಯ ಹಾಳೆ ನಂಬಬೇಡ, ಹೊಸದಾಗಿ ಅಳೆ.

ಡ್ರೋನ್ ಹಾರಿಸುವ ಮೊದಲು ಊರಿನವರನ್ನು ಕೇಳು. ಪುಣೆಯಲ್ಲಿ ಲೋಹಗಾಂವ್ ವಾಯುನೆಲೆ, ಖಡಕವಾಸ್ಲಾದ ರಕ್ಷಣಾ ಅಕಾಡೆಮಿ ಇರುವುದರಿಂದ ಎಲ್ಲಿ ಹಾರಿಸಬಹುದು ಎಂಬ ಸರ್ಕಾರಿ ಪರವಾನಗಿ ನಿನ್ನ ಕಚೇರಿ ನೋಡಿಕೊಳ್ಳುತ್ತದೆ. ನಾನು ಹೇಳುವುದು ಬೇರೆ ಪರವಾನಗಿ. ಪುರಂದರ ತಾಲೂಕಿನಲ್ಲಿ ವಿಮಾನ ನಿಲ್ದಾಣದ ಪ್ರಸ್ತಾಪ ಬಂದ ಮೇಲೆ ಹಳ್ಳಿಯವರು ಸರ್ವೇಗೆ ಅಡ್ಡ ನಿಂತದ್ದುಂಟು, ಡ್ರೋನ್ ಕಂಡರೆ ಜಮೀನು ಹೋಯಿತೆಂದೇ ಅರ್ಥ ಮಾಡಿಕೊಳ್ಳುತ್ತಾರೆ. ಅವರ ಭಯ ಸುಳ್ಳಲ್ಲ. ಯಾರಿಗಾಗಿ ಅಳೆಯುತ್ತಿದ್ದೀರಿ, ನಕ್ಷೆ ಯಾರ ಕೈಗೆ ಹೋಗುತ್ತದೆ ಎಂದು ಅವರು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳು. ಹೇಳಲು ಬಾಯಿ ಬಾರದಿದ್ದರೆ ಆ ದಿನ ಅಳೆಯದೆ ಮರಳಿ ಬಾ.

ಇನ್ನು ಕುರಿಯವರ ಮಾತು. ಆ ಗುಡ್ಡಗಳು ಧನಗರರ ಮೇವಿನ ನೆಲ. ದೀಪಾವಳಿ ಆದ ಮೇಲೆ ಕುರಿ, ಕುದುರೆ, ನಾಯಿ, ಮಕ್ಕಳುಮರಿ ಕಟ್ಟಿಕೊಂಡು ಎಷ್ಟೋ ಕುಟುಂಬಗಳು ಘಾಟ್ ಇಳಿದು ಕೊಂಕಣಕ್ಕೆ ಹೋಗುತ್ತವೆ. ಅಲ್ಲಿ ಗದ್ದೆಗಳಲ್ಲಿ ಕುರಿ ತರುಬಿ, ಗೊಬ್ಬರಕ್ಕೆ ಪ್ರತಿಯಾಗಿ ಕಾಳು ಅಥವಾ ದುಡ್ಡು ಪಡೆಯುತ್ತವೆ. ಮಳೆಗೆ ಮುಂಚೆ ಮರಳಿ ಈ ಒಣಸೀಮೆಗೆ ಬರುತ್ತವೆ. ತಾಮ್ಹಿಣಿ ಘಾಟಿನಲ್ಲಿ ವರ್ಷಕ್ಕೆ 5,000 ಮಿಲಿಮೀಟರ್ ದಾಟುವ ಮಳೆ, ಪುಣೆ ನಗರದಲ್ಲಿ 700ರ ಆಸುಪಾಸು, ಬಾರಾಮತಿಯಲ್ಲಿ 500ರ ಹತ್ತಿರ. ಒಂದೇ ಜಿಲ್ಲೆಯೊಳಗಿನ ಈ ಅಂತರವನ್ನು ಕಾಲಲ್ಲಿ ಅಳೆದವರು ಅವರು. ನಮ್ಮ ಬೀರಪ್ಪ ಅವರಿಗೆ ಬಿರೋಬಾ, ನಮ್ಮ ಮೈಲಾರಲಿಂಗ ಅವರಿಗೆ ಜೇಜುರಿಯ ಖಂಡೋಬಾ. ನಮ್ಮ ಕಡೆಯ ಕುರುಬರ ಹಟ್ಟಿಯಲ್ಲಿ ಬೆಳೆದ ಹುಡುಗಿ ನೀನು, ಅವರ ವಾಡೆಯ, ಅಂದರೆ ಬಿಡಾರದ, ಮುಂದೆ ಹೇಗೆ ಕೂರಬೇಕು, ಹೇಗೆ ಮಾತು ಶುರು ಮಾಡಬೇಕು ಎಂದು ನಾನು ಹೇಳಿಕೊಡಬೇಕಿಲ್ಲ. ಮರಾಠಿ ತೊದಲಿದರೂ ಪರವಾಗಿಲ್ಲ. ಕುರಿಯ ರೋಗ, ಮರಿಯ ರೇಟು ಕೇಳು, ಮಾತು ತಾನೇ ಬರುತ್ತದೆ.

ಅವರಿಂದ ತಿಳಿಯಬೇಕಾದದ್ದು ಬಹಳ. ಮಂದೆ ಯಾವ ಜಾಗದಲ್ಲಿ ಹಳ್ಳ ದಾಟುತ್ತದೆ, ಯಾವ ತಿರುವಿನಲ್ಲಿ ಮಳೆ ಬಂದರೆ ದಾಟಬಾರದು, ಯಾವ ದಿಣ್ಣೆಯ ಮೇಲೆ ರಾತ್ರಿ ಬೀಡು ಬಿಡುತ್ತಾರೆ. ಪಾತ್ರದಲ್ಲಿ ಅವರು ಎಂದೂ ಬೀಡು ಬಿಡುವುದಿಲ್ಲ, ಎಷ್ಟೇ ಒಣಗಿರಲಿ. ಅವರು ಬಿಡಾರ ಹೂಡದ ಜಾಗದಲ್ಲೆಲ್ಲ ನೀನು ಪ್ರವಾಹದ ಗೆರೆಯನ್ನು ಮತ್ತೊಮ್ಮೆ ಪರೀಕ್ಷಿಸು. ಹಳ್ಳಗಳಿಗೆ, ಮಾಳಗಳಿಗೆ ಅವರಿಟ್ಟ ಹೆಸರನ್ನೇ ಬರಿ, ನಾಲಾ ನಂಬರ್ ಇಷ್ಟು ಎಂದು ಬರೆದು ಕೈತೊಳೆದುಕೊಳ್ಳಬೇಡ. ಹೆಸರಿದ್ದ ಹಳ್ಳವನ್ನು ಮುಚ್ಚುವಾಗ ಕೇಳುವವರು ಇರುತ್ತಾರೆ.

ಗಾಯರಾನ, ಅಂದರೆ ನಮ್ಮ ಗೋಮಾಳ, ಹೆಚ್ಚಾಗಿ ಇಂಥ ಗುಡ್ಡದ ಮೈಯಲ್ಲೇ ಇರುತ್ತದೆ. ಕೇಂದ್ರ ಸರ್ಕಾರದ ಬಂಜರುಭೂಮಿ ಅಟ್ಲಾಸಿನಲ್ಲಿ ಇಂಥ ಹುಲ್ಲುಗಾವಲು ಎಷ್ಟೋ ಬಂಜರಿನ ಲೆಕ್ಕಕ್ಕೆ ಸೇರಿದೆ. ಬಂಜರೆಂದು ಬರೆದ ಮೇಲೆ ಅಲ್ಲಿ ಗಿಡ ನೆಡಬಹುದು, ಸೋಲಾರ್ ಹಾಕಬಹುದು, ಲೇಔಟ್ ಮಾಡಬಹುದು, ಕೇಳುವವರಿಲ್ಲ. ಈ ತಪ್ಪನ್ನು ತಿದ್ದಲು ಮೈಸೂರಿನ ಎಂ. ಡಿ. ಮಧುಸೂದನ್ ಮತ್ತು ಬೆಂಗಳೂರಿನ ಏಟ್ರೀ ಸಂಸ್ಥೆಯ ಅಬಿ ವನಕ್ ದೇಶದ ಬಯಲು ಹುಲ್ಲುನೆಲಗಳ ನಕ್ಷೆ ಮಾಡಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅದನ್ನು ತೆಗೆದು ನಿನ್ನ ಪ್ರದೇಶದ ಮೇಲೆ ಕೂರಿಸಿ ನೋಡು. ಬಾರಾಮತಿ ತಾಲೂಕಿನ ಸುಪೆಯ ಬಳಿ ಮಯೂರೇಶ್ವರ ಅಭಯಾರಣ್ಯವಿದೆ, ಐದು ಚದರ ಕಿಲೋಮೀಟರಿನಷ್ಟು ಪುಟ್ಟದು. ಅಲ್ಲಿ ಚಿಂಕಾರ ಓಡುತ್ತದೆ. ಆ ಸೀಮೆಯ ಮಾಳಗಳಲ್ಲಿ ತೋಳ ಇನ್ನೂ ಇದೆ. ಕುರಿ, ತೋಳ, ಚಿಂಕಾರ ಮೂರೂ ಬದುಕುವ ನೆಲ ಬಂಜರು ಹೇಗಾದೀತು? 2011ರ ಜನವರಿ 28ರಂದು ಸುಪ್ರೀಂ ಕೋರ್ಟ್ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರೊಟ್ಟಿನ ನೆಲದ ಒತ್ತುವರಿ ತೆರವು ಮಾಡಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು. ತೆರವು ಮಾಡಬೇಕಾದರೆ ಮೊದಲು ಆ ನೆಲ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ನಕ್ಷೆ ಹೇಳಬೇಕು. ನಿನ್ನ ನಕ್ಷೆಯ ಸೂಚಿಯಲ್ಲಿ ಮೇವಿನ ನೆಲಕ್ಕೆ ಒಂದು ಬಣ್ಣ ಕೊಡು. ಬಿಳಿ ಬಿಡಬೇಡ.

2021ರ ಫೆಬ್ರವರಿಯಲ್ಲಿ ಸರ್ಕಾರ ನಕ್ಷೆಯ ನಿಯಮಗಳನ್ನು ಸಡಿಲಿಸಿತು. ನಮ್ಮ ಕಾಲದಲ್ಲಿ ಒಂದು ಹಾಳೆಗಾಗಿ ಅರ್ಜಿ ಬರೆದು, ಸಹಿ ಹಾಕಿಸಿ, ವಾರಗಟ್ಟಲೆ ಕಾಯಬೇಕಿತ್ತು. ಈಗ ಭಾರತೀಯರು ನಕ್ಷೆ ಮಾಡಲು ಮುಂಗಡ ಅನುಮತಿಯ ತೊಡಕಿಲ್ಲ, ಸರ್ವೇ ಆಫ್ ಇಂಡಿಯಾದ ಎಷ್ಟೋ ಹಾಳೆಗಳು ಮನೆಯಲ್ಲೇ ಕೂತು ಇಳಿಸಿಕೊಳ್ಳಲು ಸಿಗುತ್ತವೆ. ಸಲಕರಣೆಯೂ ಅಗ್ಗವಾಗಿದೆ. ಕಸುಬು ಸುಲಭವಾಗಿರುವುದು ನನಗೆ ನಿಜವಾಗಿಯೂ ಸಂತೋಷದ ಸಂಗತಿ. ಸುಲಭವಾದ ಕೆಲಸದಲ್ಲಿ ಉಳಿದ ಸಮಯವನ್ನು ನಡೆಯುವುದಕ್ಕೆ ಬಳಸು, ಅಷ್ಟೇ ನನ್ನ ಬೇಡಿಕೆ.

ಹಾಳೆಯ ಅಂಚಿನಲ್ಲಿ ಯಾವ ತಿಂಗಳಲ್ಲಿ ಅಳೆದಿರಿ ಎಂದು ಬರಿ. ಯಾವ ಹಳ್ಳವನ್ನು ನಡೆದು ನೋಡಿದ್ದು, ಯಾವುದನ್ನು ಉಪಗ್ರಹದಿಂದ ಎಳೆದದ್ದು ಎಂದು ಬೇರೆ ಬೇರೆ ಗೆರೆಯಲ್ಲಿ ತೋರಿಸು. ಮತ್ತು ಅಂತಿಮ ಪ್ರತಿ ಕಚೇರಿಗೆ ಒಪ್ಪಿಸುವ ಮುಂಚೆ ಕರಡನ್ನು ದೊಡ್ಡದಾಗಿ ಮುದ್ರಿಸಿ ಗುಡ್ಡಕ್ಕೆ ಒಯ್ಯಿ. ಮೇ ಕೊನೆಗೆ, ಜೂನ್ ಮೊದಲಿಗೆ ಧನಗರರು ಕೊಂಕಣದಿಂದ ಮರಳಿರುತ್ತಾರೆ. ಅವರ ವಾಡೆಯ ಮುಂದೆ ಹಾಸಿ, ಹಳ್ಳ ಎಲ್ಲಿ ತಪ್ಪಿದೆ ಎಂದು ಕೇಳಿ, ಅಲ್ಲೇ ಪೆನ್ಸಿಲಿನಿಂದ ತಿದ್ದಿಕೊಂಡು ಬಾ.